ಪೈಲ್ವಾನನಿಗೆ ಗಾಜಿನ ತೊಟ್ಟಿ

ಗಾಜಿನ ಕೆಲಸದಲ್ಲಿ ಇಂದ್ರಾಣಿ ಯಾರಿಗೂ ಸೊಪ್ಪು ಹಾಕಿದವಳಲ್ಲ. ನಂಜನಗೂಡಿನ ದೇವಸ್ಥಾನದ ಬೀದಿಯಲ್ಲಿ ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿ ಅವಳದು, ಅಪ್ಪ ಚಿಕ್ಕಮಾದು ಬಿಟ್ಟುಹೋದದ್ದು. ಜೊತೆಗೆ ಮೀನಿನ ತೊಟ್ಟಿಗಳನ್ನೂ ಮಾಡಿಕೊಡುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಅವಳು ಅಂಟಿಸಿದ ಒಂದು ತೊಟ್ಟಿಯೂ ಸೋರಿರಲಿಲ್ಲ. ಇದನ್ನು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

2004ರ ಬೇಸಿಗೆ ರಜದಲ್ಲಿ ಚಂಪಕ ಮೇಡಂ ಮುಚ್ಚಳದ ಬಕೆಟ್ಟು ಹಿಡಿದು ಅಂಗಡಿಗೆ ಬಂದರು. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವರು. ಗಂಡ ಚಂದ್ರಶೇಖರ ಅರ್ಚಕರು. ಬಕೆಟ್ಟಿನೊಳಗೆ ಯಾರೋ ಸುತ್ತಿಗೆಯಲ್ಲಿ ತಟ್ಟಿದ ಹಾಗೆ ಟಕ್ ಎಂದಿತು.

"ಇದು ಮ್ಯಾಂಟಿಸ್ ಶ್ರಿಂಪ್ ಇಂದ್ರಾಣಮ್ಮ, ಸಮುದ್ರದ್ದು, ಒಂಥರಾ ಸೀಗಡಿ. ಮೈಸೂರಿನ ಅಕ್ವೇರಿಯಂ ಅಂಗಡಿಗೆ ಬಂದ ಕಲ್ಲಿನ ಪೊಟರೆಯಲ್ಲಿ ಅವಿತುಕೊಂಡು ಬಂದು, ಅಲ್ಲಿದ್ದ ಮೀನನ್ನೆಲ್ಲ ತಿಂದು ಹಾಕಿದೆ. ಅಂಗಡಿಯವನು ಚರಂಡಿಗೆ ಎಸೀತಿದ್ದ, ಕಲ್ಲಿನ ಸಮೇತ ಕೇಳಿ ತಂದೆ. ಒಂದು ತೊಟ್ಟಿ ಮಾಡಿಕೊಡಿ. ಇದು ಗುದ್ದುತ್ತೆ, ಗಾಜು ದಪ್ಪ ಇರಲಿ."

ಇಂದ್ರಾಣಿ ಬಗ್ಗಿ ನೋಡಿದಳು. ಗಿಳಿಹಸಿರು ಮೈ, ಕೆಂಪು ಅಂಚು, ಕಾಲಿನ ಮೇಲೆ ನೀಲಿ ಚುಕ್ಕೆ. ಕಡ್ಡಿಯ ತುದಿಗೆ ಸಿಕ್ಕಿಸಿದಂತಿದ್ದ ಕಣ್ಣುಗಳಲ್ಲಿ ಒಂದು ಇವಳನ್ನು ನೋಡುತ್ತಿತ್ತು, ಇನ್ನೊಂದು ಮೇಡಂ ಕಡೆ ತಿರುಗಿತ್ತು. ಇಷ್ಟು ವರ್ಷ ಬಣ್ಣಬಣ್ಣದ ದೇವರುಗಳ ನಡುವೆ ಕೂತವಳಿಗೂ ಇಂಥ ಬಣ್ಣ ಕಂಡ ನೆನಪಿಲ್ಲ.

"ಅಯ್ಯೋ ಬುಡಿ ಮೇಡಂ, ಗೇಣುದ್ದನೂ ಇಲ್ಲ. ಇದು ಗುದ್ದುಬುಟ್ಟು ನನ್ನ ಗಾಜು ಒಡೀತದಾ?"

ಐದು ಎಂಎಂ ಗಾಜೇ ಸಾಕೆಂದು ಎರಡಡಿ ಉದ್ದದ ತೊಟ್ಟಿ ಮಾಡಿದಳು. ಅಷ್ಟಕ್ಕೇ ಸುಮ್ಮನಿರಬಾರದೇ? ಮನಸ್ಸಿಗೆ ತುಂಬ ಹಿಡಿಸಿದ ಪಟವಾದರೆ ಹಿಂದೆ ಕನ್ನಡಿ ಕೂರಿಸಿ ಅಂದ ಹೆಚ್ಚಿಸುವುದು ಅವಳ ರೂಢಿ. ಈ ಚಂದದ ಪ್ರಾಣಿಗೂ ಅದೇ ಮರ್ಯಾದೆ ಸಲ್ಲಲಿ ಎಂದು, ಯಾರೂ ಕೇಳದೆ ಹೋದರೂ, ಹಿಂಭಾಗದ ಗೋಡೆಗೆ ಗಾಜಿನ ಬದಲು ಕನ್ನಡಿಯನ್ನೇ ಅಂಟಿಸಿದಳು.

ಮೇಡಂ ಮಂಗಳೂರಿನಿಂದ ಬಸ್ಸಿನಲ್ಲಿ ಎಂಟು ಕ್ಯಾನು ಸಮುದ್ರದ ನೀರು ತರಿಸಿದ್ದರು. ಮನೆಯ ಜಗಲಿಯ ಮೇಲೆ ತೊಟ್ಟಿ ಇಟ್ಟು, ನಾಲ್ಕು ಸುರಿದು ಪ್ರಾಣಿಯನ್ನು ಬಿಟ್ಟರು. ಮೂರನೆಯ ದಿನ ಬೆಳಿಗ್ಗೆ ಚಂದ್ರಶೇಖರ ಮಡಿಯುಟ್ಟು ಹೊರಗೆ ಬಂದರೆ ಮೆಟ್ಟಿಲೆಲ್ಲ ಒದ್ದೆ, ತೊಟ್ಟಿ ಬರಿದು. ಮೇಡಂ ಆಗಲೇ ಪ್ರಾಣಿಯನ್ನು ಬಕೆಟ್ಟಿಗೆ ಹಾಕಿ, ಉಳಿದ ನಾಲ್ಕು ಕ್ಯಾನಿನಲ್ಲಿ ಒಂದಿಷ್ಟು ಸುರಿದು ಉಳಿಸಿಕೊಂಡಿದ್ದರು.

"ಸಾಕು ಕಣೇ, ಕಪಿಲೆಗೆ ಬಿಟ್ಟುಬಿಡು," ಎಂದರು ಚಂದ್ರಶೇಖರ.

"ಸಿಹಿನೀರಿಗೆ ಬಿಟ್ಟರೆ ಸಂಜೆಗೆ ಸತ್ತುಹೋಗುತ್ತೆ ಕಣ್ರೀ. ಇರೋ ನೀರೂ ಇಷ್ಟೇ. ಇನ್ನೊಂದು ಸಲ ಒಡೆದರೆ ಇದು ಉಳಿಯೋಲ್ಲ."

ಸುದ್ದಿ ತಿಳಿದು ಓಡಿಬಂದ ಇಂದ್ರಾಣಿ ಮೊದಲು ಬಾಯಿ ಜೋರು ಮಾಡಿದಳು: ಫ್ಯಾಕ್ಟರಿ ಗಾಜೇ ಸರಿಯಿಲ್ಲ, ಜಗಲಿ ಸಮ ಇಲ್ಲ. ಮೇಡಂ ಬರಿದಾದ ತೊಟ್ಟಿಯನ್ನು ಅವಳ ಮುಂದಕ್ಕೆ ಸರಿಸಿದರು. ಬೈದಿದ್ದರೆ ವಾಸಿಯಿತ್ತು. ಇಂದ್ರಾಣಿ ತಲೆತಗ್ಗಿಸಿ ಒಡೆದ ತೊಟ್ಟಿಯನ್ನು ತಿರುಗಿಸಿ ನೋಡಿದಳು. ಮೂರು ಗೋಡೆಗೆ ಒಂದು ಗೀರೂ ಇಲ್ಲ. ಒಡೆದದ್ದು ಕನ್ನಡಿ ಮಾತ್ರ, ಅದೂ ಪ್ರಾಣಿ ಎದ್ದು ನಿಂತರೆ ಮುಟ್ಟುವಷ್ಟು ಎತ್ತರದಲ್ಲಿ.

ಕನ್ನಡಿಯ ಒಂದು ಚೂರನ್ನು ಬಕೆಟ್ಟಿಗೆ ಇಳಿಸಿದಳು. ಪ್ರಾಣಿ ಎದೆ ಸೆಟೆಸಿ ನಿಂತು ನೋಡಿತು. ಕೈ ಎತ್ತಿದ್ದು ಕಾಣಲಿಲ್ಲ, ಟಕ್ ಎಂದದ್ದು ಮಾತ್ರ ಕೇಳಿತು. ಇವಳ ಬೆರಳು ಜುಮ್ಮೆಂದು ಚೂರು ಕೆಳಗೆ ಬಿತ್ತು.

"ತಪ್ಪು ನಂದೇಯ ಮೇಡಂ. ಅದ್ಕೆ ಅದರ ಮೊಕನೇ ತೋರ್ಸಿ, ಎದುರ್ಗೆ ವೈರಿ ನಿಂತವ್ನೆ ಅನ್ಸುಬುಟ್ಟೆ. ಮೂರ್ ದಿನ ಒಬ್ನೇ ಕುಸ್ತಿ ಆಡವ್ನೆ. ಒಂದೆಜ್ಜೆನೂ ಇಂದಕ್ಕೆ ಸರೀದೆ ವೈರಿ ಮನೆ ಗ್ವಾಡೆನೇ ಕೆಡವವ್ನೆ. ಪೈಲ್ವಾನ ಇವ್ನು."

ಅವಮಾನ ಒಂದು ಕಡೆ, ಮೆಚ್ಚುಗೆ ಒಂದು ಕಡೆ. ಅವಳ ಕಣ್ಣಲ್ಲಿ ನೀರು ಬಂತು. ಪಕ್ಕದ ಮನೆ ಪಾಪಮ್ಮ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ ಅಂದಾಗ ಇಂದ್ರಾಣಿಗೆ ರೇಗಿತು. "ಇಂಥ ಚೆಲುವನ್ನ ಡ್ರಮ್ಮಿಗಾಕಿ ಮುಚ್ಚದಾ?"

ಅಂಗಡಿಗೆ ಹೋಗಿ ಬೇರೆ ಬೇರೆ ದಪ್ಪದ ಗಾಜಿನ ತುಂಡು ತಂದಳು. ಒಂದೊಂದರ ಹಿಂದೆ ಕನ್ನಡಿ ಹಿಡಿದು ಬಕೆಟ್ಟಿಗೆ ಇಳಿಸಿದಳು. ಐದು ಎಂಎಂ ಎರಡನೇ ಏಟಿಗೆ ಬಿರುಕು ಬಿಟ್ಟಿತು. ಎಂಟರಲ್ಲಿ ಚಕ್ಕೆ ಎದ್ದಿತು. ಅದಕ್ಕೂ ದಪ್ಪದ್ದು ಅಂಗಡಿಯಲ್ಲಿ ಇದ್ದದ್ದು ಒಂದೇ: ಅಪ್ಪ ಕೌಂಟರಿಗೆ ಹಾಸಿದ್ದ ಹನ್ನೆರಡು ಎಂಎಂ ಗಾಜು. ಪರೀಕ್ಷೆಗೆ ತುಂಡೆಲ್ಲಿಂದ ತರುವುದು? ಕೊಯ್ದ ಮೇಲೆ ತಪ್ಪಾದರೆ ಕೌಂಟರೂ ಇಲ್ಲ, ಪೈಲ್ವಾನನೂ ಇಲ್ಲ.

ಇಂದ್ರಾಣಿ ಕೌಂಟರು ಖಾಲಿ ಮಾಡಿದಳು. ಉಸಿರು ಬಿಗಿಹಿಡಿದು, ಕೈ ನಡುವೆ ನಿಲ್ಲದ ಹಾಗೆ ಒಂದೊಂದು ತುಂಡಿಗೂ ಒಂದೇ ಗೀರು ಎಳೆದು, ಕೆಳಗಿನಿಂದ ಮೆಲ್ಲಗೆ ತಟ್ಟಿ ಮುರಿದಳು. ಗಾಜು ದಾರ ಹಿಡಿದ ಹಾಗೆ ನೆಟ್ಟಗೆ ಸೀಳಿತು. ಹೊಸ ತೊಟ್ಟಿಯ ಒಳಗೆ ಕನ್ನಡಿ ಇಲ್ಲ, ಹಿಂಬದಿಗೆ ಹೊರಗಿನಿಂದ ಕಪ್ಪು ಕಾಗದ. ಸಿಲಿಕಾನ್ ಅಂಟು ಒಣಗುವ ಎರಡು ದಿನ ಅವಳಿಗೆ ಅನ್ನ ರುಚಿಸಲಿಲ್ಲ.

ಪೈಲ್ವಾನನನ್ನು ಹೊಸ ತೊಟ್ಟಿಗೆ ಬಿಟ್ಟರು. ಅವನು ತನ್ನ ಕಲ್ಲಿನ ಪೊಟರೆಗೆ ನುಗ್ಗಿ ಹೊರಗೇ ಬರಲಿಲ್ಲ. ಸಂಜೆ ಇಂದ್ರಾಣಿ ಹೆಮ್ಮರಗಾಲದ ಗದ್ದೆಯಿಂದ ತರಿಸಿದ ಏಡಿಯನ್ನು ತಾನೇ ಹಾಕಿದಳು, ಮೇಡಂ ಮನೆಯಲ್ಲಿ ಅದನ್ನು ಮುಟ್ಟುವವರಿಲ್ಲ. ಚಂದ್ರಶೇಖರ 'ಶಿವ ಶಿವ' ಎನ್ನುತ್ತ ಒಳಗೆ ಹೋದವರು ಕಿಟಕಿಯ ಹತ್ತಿರ ನಿಂತರು.

ಏಡಿ ಮೂಲೆಗೆ ಓಡಿ ಗಾಜಿಗೆ ಒತ್ತಿಕೊಂಡಿತು. ಪೈಲ್ವಾನ ಹೊರಗೆ ಬಂದ. ಅವಸರವೇ ಇಲ್ಲ, ರಾಜಗಾಂಭೀರ್ಯದಲ್ಲಿ ಬಂದ. ಎರಡು ಕಣ್ಣು ಎರಡು ಕಡೆ ತಿರುಗಿ ಆಮೇಲೆ ಏಡಿಯ ಮೇಲೆ ನಿಂತವು. ಟಕ್. ಏಡಿಯ ಚಿಪ್ಪು ಸೀಳಿ ಏಟು ಗಾಜಿಗೂ ಬಿತ್ತು. ಜಗಲಿಯಲ್ಲಿದ್ದವರೆಲ್ಲ ಹಿಂದೆ ಸರಿದರು. ಕಿಟಕಿಯಲ್ಲಿದ್ದ ಚಂದ್ರಶೇಖರರೂ ಸರಿದರು.

ಇಂದ್ರಾಣಿ ಮಾತ್ರ ಮುಂದೆ ಬಂದು ಮೂಲೆಯ ಗಾಜನ್ನು ನೋಡಿದಳು. ಕೂದಲೆಳೆಯಷ್ಟೂ ಬಿರುಕಿಲ್ಲ. ಅಂಟಿನ ಗೆರೆಗಳ ಮೇಲೆ ಬೆರಳಾಡಿಸಿದಳು, ಒಣಗಿದ್ದವು. ಮಂಡಿಯೂರಿ ಗಾಜಿಗೆ ಮುಖ ಹತ್ತಿರ ತಂದಳು. ಪೈಲ್ವಾನ ಏಡಿ ಬಿಟ್ಟು ಅವಳ ಮುಖದೆದುರಿಗೇ ಬಂದು, ಎದೆ ಸೆಟೆಸಿ ನಿಂತ.

"ಆಕಪ್ಪ," ಎಂದಳು ಇಂದ್ರಾಣಿ, "ಇನ್ನೊಂದ್ ಏಟು ಆಕು."