ತೂಗದ ಮಕ್ಕಳು

ಒರಿಸಿಯಾ ಹ್ನಾಟಿಯುಕ್ ಜನವರಿಯಲ್ಲೂ ಜುಲೈಯಲ್ಲೂ ಕಚೇರಿಯೊಳಗೆ ಅದೇ ಹಸಿರು ಕೋಟು ತೊಟ್ಟು ಕೂರುತ್ತಿದ್ದಳು. ಯಾರಾದರೂ ದತ್ತಾಂಶ ಬಂದಿದೆಯೆಂದರೆ, "ಅದಿರ್ಲಿ, ಹೆಂಗಸರು ಎಷ್ಟು ಜನ ಹೇಳಿ" ಎನ್ನುತ್ತಿದ್ದಳು. ವಿನಿಪೆಗ್‌ನ ಆ ಸಂಶೋಧನಾ ಕೇಂದ್ರದಲ್ಲಿ ಅವಳದು ಸಂಖ್ಯಾಶಾಸ್ತ್ರದ ಕೆಲಸ. ಬಸುರಿಯರು ತಿಂದದ್ದಕ್ಕೂ ಹುಟ್ಟಿದ ಮಕ್ಕಳ ತೂಕಕ್ಕೂ ನಡುವಿನ ಎಳೆಯನ್ನು, ವಯಸ್ಸು, ಬಡತನ, ಸಿಗರೇಟುಗಳ ಸಿಕ್ಕಿನಿಂದ ಬಿಡಿಸಿ, ಗಣಿತದಲ್ಲಿ ಹಿಡಿಯುವುದು.

ಉತ್ತರದ ಸಣ್ಣ ಊರೊಂದರ ಹೆರಿಗೆ ಆಸ್ಪತ್ರೆಯ ದಾದಿ ಎಡ್ನಾ ಫ್ಲೆಟ್ ಎಂಟು ವರ್ಷದಿಂದ ಅವಳಿಗೆ ಬಸುರಿಯರ ಊಟದ ಪಟ್ಟಿಗಳನ್ನು ತಂದುಕೊಡುತ್ತಿದ್ದಳು. ಬಲಗಾಲನ್ನು ತುಸು ಎಳೆಯುತ್ತ ಒರಿಸಿಯಾ ಬಾಗಿಲಿಗೇ ಬಂದು ಪಟ್ಟಿ ಕಸಿದುಕೊಂಡು, ನಿಂತಲ್ಲೇ ಓದತೊಡಗುವಳು.

"ಬರೀ ಬ್ಯಾನಕ್ ರೊಟ್ಟಿ ಅಂತ ಬರೆದ್ರೆ ಸಾಕೇನೇ? ಯಾವ ಕೊಬ್ಬಲ್ಲಿ ಕರಿದ್ಲು ಅಂತ ಕೇಳಿದ್ಯಾ?"

"ಕೇಳ್ದೆ. ಬಾ, ತಿಂದು ನೋಡು ಅಂದ್ಲು. ಮೂರು ತಿಂದೆ."

"ಹಾಗಾದ್ರೆ ನಿನ್ನನ್ನೂ ಬಸುರಿಯರ ಪಟ್ಟಿಗೆ ಸೇರಿಸ್ತೀನಿ ಬಿಡು."

ಊಟದ ವಿಚಾರದಲ್ಲಿ ಇಷ್ಟು ಹಟಮಾರಿಯಾದವಳು ಹೆರಿಗೆಯ ಹಾಳೆಗಳನ್ನು ಮಾತ್ರ ಬೇರೆಯವರಿಂದ ಟೈಪು ಮಾಡಿಸಿ ತರಿಸಿಕೊಳ್ಳುತ್ತಿದ್ದಳು.

ಆ ವರ್ಷ ಹೊಸ ಪೌಷ್ಟಿಕ ಮಾತ್ರೆಯೊಂದರ ಪರೀಕ್ಷೆ ಮುಗಿದಿತ್ತು; ಅರ್ಧ ಬಸುರಿಯರಿಗೆ ಹೊಸ ಮಾತ್ರೆ, ಉಳಿದರ್ಧಕ್ಕೆ ಹಳೆಯದು ಕೊಟ್ಟಿದ್ದರು. ಹೊಸದನ್ನು ನುಂಗಿದವರ ಮಕ್ಕಳು ದಷ್ಟಪುಷ್ಟವಾಗಿದ್ದವು. ಸೋಮವಾರದಿಂದ ಪ್ರಾಂತದ ಬಸುರಿಯರಿಗೆಲ್ಲ ಮಾತ್ರೆ ಹಂಚುವುದೆಂದು ತೀರ್ಮಾನವಾಗಿತ್ತು. ಗುರುವಾರ ಮಧ್ಯಾಹ್ನ ಎಡ್ನಾ ಮೂಲ ಹಾಳೆಗಳ ಕಟ್ಟನ್ನು ಒಪ್ಪಿಸಲು ಬಂದಾಗ ಒರಿಸಿಯಾ ತಲೆಯೆತ್ತದೆ ಕೇಳಿದಳು:

"ನಿಮ್ಮಾಸ್ಪತ್ರೇದು ಹನ್ನೊಂದು ಮಕ್ಕಳ ತೂಕನೇ ಇಲ್ವಲ್ಲೇ. ತಕ್ಕಡಿ ಕೆಟ್ಟಿತ್ತಾ?"

"ತಕ್ಕಡಿಗೇನಾಗಿತ್ತು? ಆ ಕೂಸುಗಳು ಉಸಿರಾಡ್ಲಿಲ್ಲ ಕಣೆ. ಸತ್ತು ಹುಟ್ಟಿದ್ದನ್ನ ನಾವು ತೂಗಲ್ಲ. ಒರೆಸಿ, ಹೊದಿಕೆ ಸುತ್ತಿ, ಅಮ್ಮನ ಕೈಗೆ ಕೊಟ್ಬಿಡ್ತೀವಿ. ಹಾಳೆ ಅಂಚಲ್ಲಿ ಬರೆದಿದ್ನಲ್ಲ?"

ಅಂಚಿನ ಬರಹವನ್ನು ಯಾರೂ ಟೈಪು ಮಾಡಿರಲಿಲ್ಲ. ತೂಕವಿಲ್ಲದ ಸಾಲನ್ನು ಬಿಟ್ಟು ಮುಂದಕ್ಕೆ ಹೋಗೆಂದು ಗಣಕಕ್ಕೆ ಬರೆದುಕೊಟ್ಟವಳು ಒರಿಸಿಯಾಳೇ. ಅವಳು ಕಟ್ಟು ಬಿಚ್ಚಿ, ಹನ್ನೊಂದು ಹಾಳೆಗಳನ್ನು ಆರಿಸಿ, ಯಾವ ತಾಯಿ ಯಾವ ಮಾತ್ರೆ ನುಂಗಿದ್ದಳೆಂದು ಒಂದೊಂದಾಗಿ ನೋಡಿದಳು. ಆಮೇಲೆ ಅವನ್ನು ನೆಲದ ಮೇಲೆ ಎರಡು ಸಾಲಾಗಿ ಹರವಿದಳು.

"ಒಂಬತ್ತು," ಎಂದಳು. "ಒಂಬತ್ತು ಜನ ಹೊಸ ಮಾತ್ರೆಯವರು."

ಎಡ್ನಾ ತನ್ನ ಅಂಗೈಗಳನ್ನು ನೋಡಿಕೊಂಡಳು. ಆ ಒಂಬತ್ತು ಕೂಸುಗಳನ್ನೂ ಒರೆಸಿದ ಕೈ ಅವಳದು. "ನಾನು ತೂಗ್ಬೇಕಿತ್ತೇನೇ?"

"ಇಲ್ವೇ. ನೀನು ಮಾಡಿದ್ದು ಸರಿ. ಕೇಳ್ಬೇಕಾಗಿದ್ದವಳು ನಾನು."

ಇಬ್ಬರೂ ಹಾಳೆಗಳೊಂದಿಗೆ ಕೇಂದ್ರದ ನಿರ್ದೇಶಕನ ಕೋಣೆಗೆ ಹೋದರು. ನಿರ್ದೇಶಕ ಗಿಲ್ಲಿಸ್ ಕನ್ನಡಕ ತೆಗೆದು ಹಣೆ ಉಜ್ಜಿಕೊಂಡ. "ಹನ್ನೊಂದರಿಂದ ಏನೂ ಸಾಬೀತಾಗಲ್ಲ ಒರಿಸಿಯಾ. ಸೋಮವಾರ ಕಳೀಲಿ, ನೋಡೋಣ."

"ಆಗಲ್ಲ ಡಾಕ್ಟ್ರೇ. ಮಾತ್ರೆ ಒಳ್ಳೇದು ಅಂತ ನಾನು ಸಾಬೀತು ಮಾಡಿದ್ನಲ್ಲ, ಅದೂ ಆಗಿಲ್ಲ. ಬದುಕಿದ ಮಕ್ಕಳನ್ನಷ್ಟೇ ಲೆಕ್ಕ ಹಾಕಿದ್ದೀನಿ. ನಿಲ್ಲಿಸಿ. ಎಲ್ಲಾ ಆಸ್ಪತ್ರೆಯ ಹಾಳೆಗಳನ್ನೂ ಮತ್ತೆ ಓದ್ಬೇಕು."

ಅವನು ಉತ್ತರಿಸುವ ಮೊದಲೇ ಅವಳು ಫೋನು ಎತ್ತಿಕೊಂಡಿದ್ದಳು. ಮೊದಲ ಆಸ್ಪತ್ರೆಗೆ, ಎರಡನೆಯದಕ್ಕೆ, ಹೀಗೆ ಇಪ್ಪತ್ತೇಳಕ್ಕೂ ಅದೇ ಮಾತು ಹೇಳಿದಳು: "ಲೆಕ್ಕದಲ್ಲಿ ತಪ್ಪಾಗಿದೆ. ತಪ್ಪು ನನ್ನದು. ಮಾತ್ರೆ ಕೊಡಬೇಡಿ." ಪ್ರತಿ ಸಲವೂ ತನ್ನ ಪೂರ್ತಿ ಹೆಸರನ್ನು ಅಕ್ಷರ ಬಿಡಿಸಿ ಹೇಳಿದಳು. ಇಪ್ಪತ್ತು ವರ್ಷ ದುಡಿದು ಗಳಿಸಿದ ಹೆಸರನ್ನು ಹೀಗೆ ತಾನೇ ಕಳೆದುಕೊಳ್ಳುತ್ತಿರುವವಳ ದನಿ ಒಮ್ಮೆಯೂ ನಡುಗದಿದ್ದುದನ್ನು ಎಡ್ನಾ ಬೆರಗಾಗಿ ಕೇಳುತ್ತ ನಿಂತಳು.

ಇಂಥವರನ್ನು ಕಚೇರಿಗಳು ಪ್ರೀತಿಸುವುದಿಲ್ಲ; ಅವರಿಗಾಗಿ ಬೀಳ್ಕೊಡುಗೆಯ ಕೇಕು ಕೂಡ ಚಿಕ್ಕದೇ ಬರುತ್ತದೆ. ಅವರಿಂದ ಜೀವ ಉಳಿದವರಿಗೆ ತಾವು ಉಳಿದದ್ದೇ ಗೊತ್ತಾಗುವುದಿಲ್ಲ. ಎಲ್ಲೋ ಒಬ್ಬ ಬಸುರಿ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಇವತ್ತು ಮಾತ್ರೆಯಿಲ್ಲವಂತೆ ಎಂದು ಗೊಣಗುತ್ತ ಮನೆಗೆ ಮರಳುತ್ತಾಳೆ.