ಗುಬ್ಬಿಪೆಟ್ಟಿಗೆ

ಜಗದಾಂಬ ಗುಬ್ಬಿಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಇಳಿಸುತ್ತಿದ್ದಾಗ ಕುರಿ ಕಾಯುವ ಕ್ಯಾತಣ್ಣ ಬಾಗಿಲಿಗೆ ಅಡ್ಡ ಬಂದು ನಿಂತ. ಅವಳ ಗಂಡ ನಾಗಲಿಂಗಯ್ಯನನ್ನು ಮಣ್ಣು ಮಾಡಿದ ಮೇಲೆ, ಮನೆಯಲ್ಲಿ ನೆಂಟರಿಲ್ಲದ ಮೊದಲ ಬೆಳಿಗ್ಗೆ ಅದು. ಹಾಲಿನವನು ಎಂದಿನಂತೆ ಕೂಗಿ ಹೋಗಿದ್ದ.

"ಅದ್ನ ಎಲ್ಲಿಗ್ ತಗಂಡೋಯ್ತಿದೀರಿ ಅಮ್ಮಾರೇ?"

"ಸಿರಾಕ್ಕೆ. ಕೊಟ್ಟವರಿಗೆ ವಾಪಸು ಕೊಡೋಕೆ."

"ನಮಗೇ ಕೊಟ್ಬುಡಿ. ಐ.ಡಿ.ಹಳ್ಳೀಲಿ ನಾಟ್ಕ ಐತೆ, ನಾನು ಭೀಮ. ಗುಬ್ಬಿ ಕೂಗ್ದೆ ನಂಗೆ ಸ್ವರ ಏಳಾಕಿಲ್ಲ."

"ಹಾರ್ಮೋನಿಯಂ ತಗೊಂಡು ಹೋಗು. ಅದು ನಮ್ಮದೇ."

"ಅದ ಹೊತ್ಕಂಡು ಕುರಿ ಹಿಂದೆ ಯಾವೋನು ತಿರುಗ್ತಾನೆ? ಬಸ್ಸಿನ ಟಾಪಿಗೆ ಹಾಕಿದ್ರೆ ಕಂಡಕ್ಟ್ರು ಅದ್ಕೂ ಟಿಕೀಟು ಹರೀತಾನೆ!"

ಒಳಗಿನಿಂದ ಅತ್ತೆ ಚನ್ನಮಲ್ಲಮ್ಮನ ದನಿ ಬಂತು: "ಅವ್ಳನ್ನ ಏನ್ ಕೇಳ್ತೀಯೋ ಕ್ಯಾತ? ನನ್ನ ಮಗನ ಮಡಿಲಲ್ಲಿದ್ದಿದ್ನೇ ಎತ್ತಿಸಿದೋಳು."

ಜಗದಾಂಬ ಚೀಲದ ಬಾಯಿ ಕಟ್ಟಿದಳು.

*

ಮಣ್ಣು ಮಾಡಿದ ದಿನ ನಾಗಲಿಂಗಯ್ಯನನ್ನು ಗುಣಿಯಲ್ಲಿ ಕೂರಿಸಿದ್ದರು. ಎಡ ಅಂಗೈಯಲ್ಲಿ ಲಿಂಗ, ಎರಡು ಕೈ ಮುಚ್ಚುವಷ್ಟು ಬಿಲ್ವಪತ್ರೆ. ಕ್ಯಾತಣ್ಣ ಇಳಿದು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟ.

"ದಾರೀಲಿ ಮೇಷ್ಟ್ರಿಗೆ ಬ್ಯಾಸ್ರ ಆಗ್ದಂಗಿರ್ಲಿ."

"ಅಲ್ಲೂ ಯಾರ್ನಾರ ಹಿಡ್ದು ಪದ ಕಲಿಸ್ತಾನೆ ಬುಡು," ಎಂದ ಇನ್ನೊಬ್ಬ ನಗುತ್ತಲೇ ಅತ್ತ.

"ಅದನ್ನ ತೆಗೀರಿ. ಅದು ಅವರದಲ್ಲ," ಎಂದಳು ಜಗದಾಂಬ. ಅಂದೆಲ್ಲ ಅವಳ ಬಾಯಿಂದ ಬಂದದ್ದು ಅಷ್ಟೇ.

"ಓದಿದೋಳು ಕಣಮ್ಮ. ಕಣ್ಣಾಗೆ ಒಂದ್ ತೊಟ್ಟು ನೀರಿಲ್ಲ," ಎಂದು ಹಿಂದೆ ಯಾರೋ ಅಂದರು.

ಎರವಲೆಂಬುದು ನಿಜ. ಇದೊಂದಾದರೂ ಮಣ್ಣಿಗೆ ಹೋಗದೆ ತನಗೆ ಉಳಿಯಲಿ ಎಂಬ ಆಸೆಯೂ ನಿಜ. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

*

ಎಪ್ಪತ್ತಾರನೇ ಇಸವಿಯಲ್ಲಿ, ಮದುವೆಯಾದ ಹೊಸತರಲ್ಲಿ, ಅವನು ಎರಡು ಕೈ ಮುಚ್ಚಿ ಹಿಡಿದು, "ಒಳಗೇನಿದೆ ಹೇಳು ನೋಡೋಣ" ಅಂದಿದ್ದ. ತೆರೆದರೆ ಆರು ಮೂಲೆಯ ಪುಟ್ಟ ಕನ್ಸರ್ಟಿನಾ, ಗುಬ್ಬಿಯಂತೆ ಕೂಗುವ ಕೈವಾದ್ಯ. ಎರಡು ಬದಿಗೆ ಬಟನ್‌ಗಳು, ನಡುವೆ ಗಾಳಿಯೂದುವ ತಿದಿ, ಕೈ ತೂರಿಸಲು ಚರ್ಮದ ಪಟ್ಟಿ. ಅಷ್ಟನ್ನೂ ಅಡಗಿಸುವಷ್ಟು ದೊಡ್ಡ ಕೈ ಅವನದು. ಸಿರಾದ ಬ್ಯಾಂಡಿನ ಗೌಸ್ ಸಾಬರಿಂದ ಒಂದು ನಾಟಕದ ಮಟ್ಟಿಗೆಂದು ತಂದವನು ಮರಳಿಸಿರಲೇ ಇಲ್ಲ.

ಹಳ್ಳಿಗಳಿಗೆ ನಾಟಕ ಕಲಿಸುವ ಮೇಷ್ಟ್ರು ಅವನು. ತಾಲೀಮಿಗೆ ಜನ ಸೇರುವವರೆಗೆ ಕೂತು ಕಾಯುವ ಜೀವವಲ್ಲ. ಕ್ಯಾತಣ್ಣನ ಕುರಿಗಳ ಹಿಂದೆ ನಡೆಯುತ್ತ ಭೀಮನ ಪದ, ಕೊಳಾಲದ ಬಸ್ಸಿನ ಮೆಟ್ಟಿಲಲ್ಲಿ ದ್ರೌಪದಿಯದು, ಪಾವಗಡದಲ್ಲಿ ತೆಲುಗು ನಾಲಿಗೆಯ ದುರ್ಯೋಧನನಿಗೆ ಎತ್ತಿನ ಗಾಡಿಯ ಮೇಲೆ ಕನ್ನಡ. ಪೆಟ್ಟಿಗೆಯಲ್ಲಿ ಇಲ್ಲದ ಸ್ವರ ಬಂದರೆ ತಾನೇ ಬಾಯಲ್ಲಿ ತುಂಬುತ್ತಿದ್ದ.

ಅವನನ್ನು ಮನೆಯಲ್ಲಿ ಕೂರಿಸಲೆಂದೇ ಅವಳು ಕಾಲೇಜಿನ ಸಂಬಳದಲ್ಲಿ ಹಾರ್ಮೋನಿಯಂ ಕೊಡಿಸಿದಳು. "ಚೆನ್ನಾಗಿದೆ ಕಣೇ. ಆದ್ರೆ ಇದು ಕೂತೇ ಇರುತ್ತಲ್ಲ," ಎಂದು ಅವನು ಚೀಲ ಹೆಗಲಿಗೇರಿಸಿದ.

ಕಾಮಾಲೆ ಹಿಡಿದಿದ್ದು ತಿಳಿದದ್ದು ಕೊನೆಯಲ್ಲಿ. ಅದಕ್ಕೂ ಮೊದಲು, ಅಪರೂಪಕ್ಕೆ ಮನೆಗೆ ಬಂದಾಗ ಅವಳು, "ಇಳಿದುಹೋಗಿದೀರಿ" ಅಂದರೆ, "ಬಿಸಿಲು ಕಣೇ" ಎಂದು ಜುಬ್ಬದ ತೋಳು ಬೆರಳವರೆಗೆ ಎಳೆದುಕೊಳ್ಳುತ್ತಿದ್ದ.

*

ಸಿರಾದಲ್ಲಿ ಗೌಸ್ ಸಾಬರು ಜಗಲಿಯ ಮೇಲೆ ಚಾಪೆ ಹಾಸಿಕೊಟ್ಟರು.

"ಕೂತ್ಕೋ ಬೇಟಿ. ಸುದ್ದಿ ಬಂತು. ಒಂದು ನಾಟಕಕ್ಕೆ ಅಂತ ತಗೊಂಡು ಹೋದ ಬದ್ಮಾಶ್! ನನ್ನ ಗುಬ್ಬಿಗೆ ಊರೆಲ್ಲ ತೋರಿಸ್ಬಿಟ್ಟ."

"ಐ.ಡಿ.ಹಳ್ಳಿಯ ಕ್ಯಾತಣ್ಣ ಇದನ್ನ ಕೇಳ್ತಿದ್ದಾನೆ, ಸಾಬರೇ."

"ಬರ್ಲಿ, ಕೊಡೋಣ. ಇದು ಗೂಡಲ್ಲಿ ಇರೋ ಜಾತಿ ಅಲ್ಲ."

ಅವರು ಪೆಟ್ಟಿಗೆ ಎತ್ತಿ ಪಟ್ಟಿಯೊಳಗೆ ಕೈ ತೂರಿಸಿದರು. ಬೆರಳ ಗೆಣ್ಣಿನ ಹತ್ತಿರವೇ ಸಿಕ್ಕಿಕೊಂಡಿತು.

"ಅರೆ! ಇಷ್ಟು ಬಿಗಿ ಯಾರು ಮಾಡಿದ್ದು? ನಾನು ಕೊಟ್ಟಾಗ ಒಂದೇ ತೂತು ಇತ್ತು."

ಅವಳು ಬಾಗಿ ನೋಡಿದಳು. ಹಳೆಯ ತೂತಿನಿಂದ ಒಳಕ್ಕೆ ಮೊಳೆಯಿಂದ ಚುಚ್ಚಿದ ಒಂದು ತೂತು, ಅದರಾಚೆ ಮತ್ತೊಂದು, ಇನ್ನೊಂದು. ಕೊನೆಯದರ ಅಂಚು ಇನ್ನೂ ಹಸಿ ಚರ್ಮದಂತೆ ಬೆಳ್ಳಗಿತ್ತು.

"ಕೈ ಸೊರಗಿದಂಗೆಲ್ಲ..." ಎನ್ನುತ್ತ ಸಾಬರು ಬೀದಿಯ ಕಡೆ ತಿರುಗಿದರು.

"ಒಂದು ಗಳಿಗೆ ಕೊಡಿ," ಎಂದಳು.

ತನ್ನ ಕೈ ತೂರಿಸಿದಳು. ಸಲೀಸಾಗಿ ಹೋಯಿತು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಪಟ್ಟಿ ಒತ್ತುವಂತೆ ಮುಷ್ಟಿ ಬಿಗಿದಳು. ಆಮೇಲೆ ಕೈ ಬಿಡಿಸಿಕೊಂಡು, ಪಟ್ಟಿಯನ್ನು ಮೊದಲಿನ ತೂತಿಗೆ ಸಡಿಲಿಸಿ, ಪೆಟ್ಟಿಗೆಯನ್ನು ಸಾಬರ ಮುಂದೆ ಹಿಡಿದಳು. ಅವಳ ಬರಿಗೈಯ ಮೇಲೆ ಪಟ್ಟಿಯ ಕೆಂಪು ಗೆರೆ ಅಡ್ಡಕ್ಕೆ ಮೂಡಿತ್ತು.