ಮೈಗೆ ಹೇಳಿದ ಸುಳ್ಳು

ಗೋಳಗುಮ್ಮಟ ಹಿಂದಕ್ಕೆ ಜಾರುತ್ತ ಜಾರುತ್ತ ಈಗ ಬರೀ ಬೋರಲು ಹಾಕಿದ ಬೋಗುಣಿ, ಗೋಡೆಗಳ ಮೇಲೆ ಹೊಸದಾಗಿ ಬರೆದ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ತಿಕೋಟೆಯ ಬಸ್ಸು ಕುಲುಕಿದಾಗೆಲ್ಲ ದುಂಡವ್ವನ ಕಿಬ್ಬೊಟ್ಟೆ ಸಣ್ಣಗೆ ಹಿಂಡುತ್ತದೆ, ಅದೇ ನೋವೋ, ಬರೀ ಕುಲುಕಾಟವೋ — ಈ ಸಲ ಮುಟ್ಟು ತಡವಾಗಿದೆ, ಆ ಹೆದರಿಕೆಗೇ ಅಲ್ಲವೇ ಅವಳು ವಿಜಾಪುರಕ್ಕೆ ಓಡಿದ್ದು, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಮುಮತಾಜ ಡಾಕ್ಟರಬಾಯಿ ಹೊಟ್ಟೆ ಒತ್ತಿ ನೋಡಿ ನಕ್ಕುಬಿಟ್ಟಳು, ಗುಳಿಗಿ ತಪ್ಪಿಸಿಲ್ಲಲ್ಲ, ಹಂಗಾರ ಯಾಕ ಅಂಜತಿ, ಪಾಕೀಟ ಮುಗದೈತಿ, ಇವತ್ತ ನಾಳಿ ಬರತೈತಿ ನೋಡು. ಅಂಜದೆ ಏನು ಮಾಡಿಯಾಳು, ಹಿಂದಿನ ಹೆರಿಗೆಯಲ್ಲಿ ನೆತ್ತರು ನಿಲ್ಲದೆ ಕೌದಿ ತೊಯ್ದು ನೆಲ ತೊಯ್ದು, ದೂರದಲ್ಲೆಲ್ಲೋ ಗಂಡ ಅಮೋಘಿ ಕುರಿ ಕರೆಯುವ ದನಿಯಲ್ಲಿ ಅವಳ ಹೆಸರು ಕೂಗುತ್ತಿದ್ದ — ಇನ್ನೊಂದ ಹಡದ್ರ ಉಳಿಯೂದಿಲ್ಲ ತಂಗಿ ಎಂದೇ ಡಾಕ್ಟರಬಾಯಿ ಗುಳಿಗೆ ಕೊಟ್ಟದ್ದು, ಬಸುರಾದಾಗ ಮೈಯಾಗ ಒಂದು ರಸ ಹುಟ್ಟತೈತಿ, ಹಾರ್ಮೋನ್ ಅಂತಾರ, ಅಂಥಾದ್ದನ್ನ ಕಾರ್ಖಾನ್ಯಾಗ ಮಾಡಿ ಇದರಾಗ ತುಂಬ್ಯಾರ, ನುಂಗಿದ್ರ ಮೈ ತಾನು ಆಗಲೇ ಬಸುರಿ ಅಂತ ತಿಳದು ತತ್ತಿ ಬಿಡೂದಿಲ್ಲ. ಅಮೋಘಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ, ಹಂಗಾರ ಸುಳ್ಳ ಬಸುರಿ ನೀ, ಹುಣಸಿಕಾಯಿ ತಂದು ಕೊಡ್ಲೇನು? ಆದರೆ ಅತ್ತೆ ಭೀಮಾಬಾಯಿ — ಆಕೆಗೆ ಹೇಳುವ ಧೈರ್ಯ ಇಬ್ಬರಿಗೂ ಇಲ್ಲ, ಇನ್ನೊಬ್ಬ ಮೊಮ್ಮಗ ಬೇಕೆಂದು ಕೂತವಳು, ಪಾಕೀಟು ಜೋಳದ ಗಡಿಗೆಯ ತಳದಲ್ಲಿ — ಅಯ್ಯೋ, ಬಂತು, ಬೆಚ್ಚಗೆ, ಬಂದೇಬಿಟ್ಟಿತು! ಮೈನೆರೆದಾಗಿನಿಂದ ನಾಚಿ ಮುಚ್ಚಿಕೊಂಡದ್ದು ಈಗ ಹಬ್ಬ, ಸೆರಗು ಬಾಯಿಗೊತ್ತಿದರೂ ನಗು ನಿಲ್ಲದು, ಕಂಡಕ್ಟರ್ ರಸೂಲಸಾಬ, ಏನ್ ಬೇ, ಒಬ್ಬಾಕೀನ ನಗಾಕತ್ತೀಯಲ್ಲ, ಊರು ಬಂತಲ್ರಿ ಅದಕ್ಕ, ಹೊಲಗಳು ಓಡುತ್ತಿವೆ, ಬದುಕಿದೆ ನಾನು, ಈ ತಿಂಗಳೂ ಬದುಕಿದೆ, ಬಸ್ಸಿಳಿದು ನಡೆದರೆ ಕಾಲು ನೆಲಕ್ಕೇ ತಾಗುತ್ತಿಲ್ಲ, ಮನೆಯ ಹೊಸ್ತಿಲ ಹೊರಗೆ ಮಾತ್ರ ಗಕ್ಕನೆ ನಿಂತಳು, ಹೊರಗಾದವಳು ಒಳಗೆ ಹೋಗುವಂತಿಲ್ಲ, ಅತ್ತೆ ಮೊರ ಕೆಳಗಿಟ್ಟು ನೋಡಿದಳು, ಬಂತೇನ್? ಏನ್ರಿ ಅತ್ತಿ? ಆಟ ಹೂಡಬ್ಯಾಡ, ಗಡಗ್ಯಾಗಿನ ಜೋಳ ತಗಿಯಾಕಿ ನಾನಲ್ಲೇನು, ಆವತ್ತ ನಿನ್ನ ನೆತ್ತರ ಬಳದಾಕಿನೂ ನಾನ, ಮೊಮ್ಮಗ ಇರಲಿ, ಮೊದಲ ನೀ ಇರು. ಒಳಗೆ ಹೋಗಿ ಬೆಲ್ಲ ತಂದಳು, ಮೈಲಿಗೆಗೆ ಮಾರು ದೂರ ನಿಲ್ಲುವ ಅತ್ತೆ, ಮೇಲಿನಿಂದ ಹಾಕುತ್ತಾಳೆಂದು ದುಂಡವ್ವ ಅಂಗೈ ಚಾಚಿದಳು, ಹಾಕಲಿಲ್ಲ, ಕೈ ಹಿಡಿದಳು, ಬೆಲ್ಲ ಒತ್ತಿ ಬೆರಳು ಮಡಿಚಿದಳು — ಮುಟ್ಟಿದಳು, ಮುಟ್ಟಿದಳಲ್ಲ, ಬೆವರಿಗೆ ಕರಗುವ ಬೆಲ್ಲ, ಅದರ ಮೇಲೆ ಅತ್ತೆಯ ಒರಟು ಬೆರಳು, ಇನ್ನೂ ಬಿಟ್ಟಿಲ್ಲ, ಆ ಬೆರಳು